ಎರಡು ದಿನದ ಯೋಗ ಶಿಬಿರದಿಂದ ಸೋಮವಾರಕ್ಕೆ ಏನು ಉಳಿಯುತ್ತದೆ?

ಕೊಡಗಿನಲ್ಲಿ ವಾರಾಂತ್ಯದ ಯೋಗ ಶಿಬಿರ ಎಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: "ಎರಡು ದಿನ ಮಾಡಿ ಬಂದರೆ ಏನು ಬಂತು? ಸೋಮವಾರ ಮತ್ತೆ ಅದೇ ಓಡಾಟ, ಅದೇ ಬೆನ್ನುನೋವು ತಾನೆ?" ಬೆಂಗಳೂರಿನಿಂದ ಹೊರಡುವವರೂ ಕೇಳುತ್ತಾರೆ, ಜಾಗ ಕೊಡುವ ಹೋಂಸ್ಟೇಯವರೂ ಕೇಳುತ್ತಾರೆ. ತಮ್ಮ ಊರಲ್ಲೇ ಶಿಬಿರ ಮಾಡಬೇಕೆಂದಿರುವ ಗೋಣಿಕೊಪ್ಪ, ಸೋಮವಾರಪೇಟೆ ಕಡೆಯವರೂ ಕೇಳುತ್ತಾರೆ.

ಉಳಿಯುತ್ತದೆ. ಆದರೆ ಶಿಬಿರವನ್ನು ಸೋಮವಾರದಿಂದ ಹಿಂದಕ್ಕೆ ಲೆಕ್ಕ ಹಾಕಿ ಕಟ್ಟಿರಬೇಕು. ಸೋಮವಾರ ಬೆಳಗ್ಗೆ, ಮಕ್ಕಳ ಡಬ್ಬಿ ಕಟ್ಟುವುದಕ್ಕೆ ಮುಂಚೆ, ಸೋಫಾಕ್ಕೂ ಟೀವಿಗೂ ನಡುವಿನ ಜಾಗದಲ್ಲಿ, ಹೇಳಿಕೊಡುವವರು ಎದುರಿಗಿಲ್ಲದೆ ಶಿಬಿರ ಮುಗಿಸಿ ಬಂದವರು ಏನು ಮಾಡಬಲ್ಲರು? ಮೊದಲು ಅದನ್ನು ಬರೆದಿಟ್ಟುಕೊಳ್ಳಿ. ಊಟ, ವಸತಿ, ವೇಳಾಪಟ್ಟಿ ಎಲ್ಲ ಅದರ ಹಿಂದೆ ಬರಲಿ. ಹೆಚ್ಚಿನ ಶಿಬಿರಗಳಲ್ಲಿ ಇದು ತಲೆಕೆಳಗಾಗುತ್ತದೆ. ರೂಮು ಬುಕ್ ಆಗುತ್ತದೆ, ಜಲಪಾತ ನೋಡುವ ಸಮಯ ನಿಗದಿಯಾಗುತ್ತದೆ, ಕಲಿಸುವುದೇನು ಎಂಬುದು ಶುಕ್ರವಾರ ರಾತ್ರಿ ತೀರ್ಮಾನವಾಗುತ್ತದೆ.

ಮನೆಗೆ ಒಯ್ಯುವ ಅಭ್ಯಾಸಕ್ಕೆ 20 ನಿಮಿಷ ಸಾಕು. ಬೆನ್ನ ಮೇಲೆ ಮಲಗಿ ಒಂದೊಂದೇ ಮಂಡಿಯನ್ನು ಎದೆಗೆ ತಂದುಕೊಂಡು ಐದೈದು ಉಸಿರು, ಆಮೇಲೆ ಕೈ ಮಂಡಿ ಊರಿ ಬೆನ್ನನ್ನು ಮೇಲೆ ಕೆಳಗೆ ಬಾಗಿಸುವ ಮಾರ್ಜಾಲಾಸನ ಎಂಟು ಸಲ. ಇಷ್ಟಕ್ಕೆ 4 ನಿಮಿಷ. ಎದ್ದು ನಿಂತು ನಿಧಾನವಾಗಿ ಆರು ಸೂರ್ಯನಮಸ್ಕಾರ, ಬಲಗಾಲು ಮುಂದಿಟ್ಟು ಮೂರು, ಎಡಗಾಲು ಮುಂದಿಟ್ಟು ಮೂರು: 5 ನಿಮಿಷ. ಕಾಲಗಲಿಸಿ ನಿಂತು ಪಕ್ಕಕ್ಕೆ ಬಾಗುವ ತ್ರಿಕೋಣಾಸನ ಎರಡೂ ಕಡೆ ಐದೈದು ಉಸಿರು. ಮತ್ತೆ ಮಲಗಿ ಸೊಂಟ ಮೇಲೆತ್ತುವ ಸೇತುಬಂಧಾಸನ ಎರಡು ಸಲ, ಮಂಡಿಗಳನ್ನು ಒಂದು ಪಕ್ಕಕ್ಕೆ ಬೀಳಿಸಿ ಸೊಂಟದ ತಿರುವು. ಇವಕ್ಕೆಲ್ಲ ಸೇರಿ 5 ನಿಮಿಷ. ಎದ್ದು ಕೂತು 3 ನಿಮಿಷ ಉಸಿರಾಟ, ಕೊನೆಗೆ 3 ನಿಮಿಷ ಶವಾಸನ.

ಉಸಿರಾಟದ ಮಾತು ಸ್ವಲ್ಪ ಬಿಡಿಸಿ ಹೇಳಬೇಕು, ದಿನದ ಬದುಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ಎಣಿಕೆ ಒಂದಕ್ಕೆ ಒಂದು ಸೆಕೆಂಡಾದರೆ ನಿಮಿಷಕ್ಕೆ ಆರು ಉಸಿರು, 3 ನಿಮಿಷಕ್ಕೆ ಹದಿನೆಂಟು. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ಬಿಡುವ ಹೊತ್ತನ್ನು ಉದ್ದ ಮಾಡುವುದು ಅದಕ್ಕೇ. ಆದರೆ ಶಿಬಿರದಲ್ಲಿ ಮೊದಲ ಸಲ ಮಾಡುವಾಗ ನಾಲ್ಕೈದು ಜನರಿಗಾದರೂ ತಲೆ ಹಗುರಾದಂತೆ, ಬೆರಳ ತುದಿ ಜುಮುಗುಟ್ಟಿದಂತೆ ಆಗುತ್ತದೆ. ಹೊಸ ಗಾಳಿ, ಹೊಸ ಶಕ್ತಿ ಎಂದು ಅದನ್ನು ಹೊಗಳುವುದು ತಪ್ಪು. ಅವರು ಎದೆ ತುಂಬ ಗಾಳಿ ಎಳೆದು ಜೋರಾಗಿ ಬಿಡುತ್ತಿದ್ದಾರೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಕಡಿಮೆಯಾಗಿದೆ, ಅಷ್ಟೇ. ಮೂಗಿನಿಂದ ಮಾತ್ರ, ಪಕ್ಕದ ಮ್ಯಾಟಿನವರಿಗೂ ಕೇಳಿಸದಷ್ಟು ಮೆಲ್ಲಗೆ ಉಸಿರಾಡಲು ಹೇಳಿ. ಆರು ಎಣಿಸುವಷ್ಟರಲ್ಲಿ ಕಟ್ಟಿದಂತಾದರೆ ಮೂರಕ್ಕೆ ಒಳಗೆ, ನಾಲ್ಕಕ್ಕೆ ಹೊರಗೆ. ಹೀಗೆ ಕಲಿತವರು ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿಕೊಂಡೂ ಮಾಡಬಲ್ಲರು, ಕಾಫಿ ಕಣದ ಅಂಚಿನಲ್ಲಿ ಕೂತೂ ಮಾಡಬಲ್ಲರು.

ಈ 20 ನಿಮಿಷವನ್ನು ಶಿಬಿರದೊಳಗೆ ಮೂರು ಸಲ ಮಾಡಿಸಿ. ಶನಿವಾರ ಸಂಜೆ ಪ್ರತಿ ಹೆಜ್ಜೆ ಹೇಳಿಕೊಡಿ. ಭಾನುವಾರ ಬೆಳಗ್ಗೆ ಆಸನದ ಹೆಸರು ಮಾತ್ರ ಹೇಳಿ. ಭಾನುವಾರ ಹನ್ನೊಂದಕ್ಕೆ ಏನೂ ಹೇಳಬೇಡಿ. ಅವರವರೇ ಮಾಡಲಿ, ನೀವು ಹಿಂದೆ ನಿಂತು ನೋಡಿ. ಯಾರು ಎಲ್ಲಿ ಮರೆಯುತ್ತಾರೆ, ಯಾರು ಪಕ್ಕದವರನ್ನು ನೋಡುತ್ತಾರೆ ಎಂಬುದು ಆಗಲೇ ಗೊತ್ತಾಗುವುದು, ತಿದ್ದುವುದಕ್ಕೆ ಇನ್ನೂ ಒಂದು ಗಂಟೆ ಕೈಯಲ್ಲಿರುತ್ತದೆ. ಮೂವತ್ತು ಆಸನ ತೋರಿಸಿ ಕಳಿಸುವುದಕ್ಕಿಂತ ಇದು ಎಷ್ಟೋ ಮೇಲು.

ಬೆಳಗ್ಗೆ ಯಾವಾಗ ಮಾಡಬೇಕೆಂಬುದನ್ನೂ ಶಿಬಿರದಲ್ಲೇ ಗೊತ್ತು ಮಾಡಿ. ಮನೆಯಲ್ಲಿ ಫಿಲ್ಟರ್ ಕಾಫಿ ಮಾಡುವವರಿಗೆ ಗಡಿಯಾರವೇ ಬೇಡ. ಫಿಲ್ಟರಿಗೆ ಬಿಸಿನೀರು ಸುರಿದು ಮ್ಯಾಟಿಗೆ ಬನ್ನಿ, ಡಿಕಾಕ್ಷನ್ ಇಳಿಯುವ ಹೊತ್ತಿಗೆ ಅಭ್ಯಾಸದ ಹೆಚ್ಚಿನ ಭಾಗ ಮುಗಿದಿರುತ್ತದೆ. ದಿನಾ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಗಂಟು ಹಾಕಿದ ಅಭ್ಯಾಸ ನಿಲ್ಲುತ್ತದೆ, "ಪುರುಸೊತ್ತಾದಾಗ" ಎಂದುಕೊಂಡದ್ದು ಬುಧವಾರಕ್ಕೆ ಬಿಟ್ಟುಹೋಗುತ್ತದೆ.

ಬಿಟ್ಟುಹೋಗಲು ಇನ್ನೊಂದು ಕಾರಣ ಶನಿವಾರದ ಉತ್ಸಾಹ. ಪಳಗದ ಮಾಂಸಖಂಡಕ್ಕೆ ಒಮ್ಮೆಲೇ ಹೆಚ್ಚು ಕೆಲಸ ಕೊಟ್ಟರೆ ನೋವು ತಕ್ಷಣ ಬರುವುದಿಲ್ಲ, 24ರಿಂದ 72 ಗಂಟೆಯೊಳಗೆ ಏರುತ್ತದೆ. ಶನಿವಾರ ಬೆಳಗ್ಗೆ 54 ಸೂರ್ಯನಮಸ್ಕಾರ ಹಾಕಿಸಿದರೆ ಸೋಮವಾರ ಮೆಟ್ಟಿಲಿಳಿಯಲು ಆಗುವುದಿಲ್ಲ. ಅಲ್ಲಿಗೆ ಎಲ್ಲ ಮುಗಿಯಿತು. "ಇನ್ನೂ ಮಾಡಬಹುದಿತ್ತು" ಎನ್ನಿಸುವಾಗಲೇ ಶನಿವಾರದ ಅಭ್ಯಾಸ ನಿಲ್ಲಿಸಿ.

ಮಣಿಕಟ್ಟಿನ ನೋವೂ ಇದೇ ದಾರಿಯಲ್ಲಿ ಬರುತ್ತದೆ. ಸೂರ್ಯನಮಸ್ಕಾರದ ನಡುವೆ ಅಂಗೈ, ಪಾದ ಊರಿ ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನದಲ್ಲಿ ಭಾರವೆಲ್ಲ ಅಂಗೈಯ ಬುಡಕ್ಕೆ ಬಿದ್ದರೆ ಆರು ಸುತ್ತಿನೊಳಗೆ ಮಣಿಕಟ್ಟು ಹಿಡಿದುಕೊಳ್ಳುತ್ತದೆ. ತೋರುಬೆರಳು, ಹೆಬ್ಬೆರಳುಗಳ ಬುಡದಲ್ಲಿರುವ ದಿಣ್ಣೆ ನೆಲವನ್ನು ಒತ್ತಬೇಕು. ಪರೀಕ್ಷೆ ಸುಲಭ: ಆ ದಿಣ್ಣೆಯ ಕೆಳಗೆ ಒಂದು ಕಾಗದದ ಚೂರು ಇಟ್ಟು ಎಳೆಯಿರಿ, ಬರಬಾರದು. ಬಂದರೆ ಮಂಡಿ ಸ್ವಲ್ಪ ಮಡಿಸಿ ಸೊಂಟವನ್ನು ಹಿಂದಕ್ಕೆ ಕಳಿಸಿ, ಭಾರ ಕಾಲಿಗೆ ಹಂಚಿಹೋಗುತ್ತದೆ.

ಸಲಕರಣೆಯಲ್ಲಿ ಒಂದೇ ನಿಯಮ: ಮನೆಯಲ್ಲಿ ಇಲ್ಲದ ವಸ್ತುವಿನ ಮೇಲೆ ಕಲಿಸಬೇಡಿ. ಆಸನಕ್ಕೆ ಇಟ್ಟಿಗೆ, ಪಟ್ಟಿ, ಕುರ್ಚಿಗಳ ಆಸರೆ ಕೊಟ್ಟು ಜಗತ್ತಿಗೆಲ್ಲ ಕಲಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದವರು. ಆಸರೆ ತೆಗೆದುಕೊಂಡರೆ ಅವಮಾನವೇನಿಲ್ಲ. ಪಟ್ಟಿಯ ಬದಲು ಉದ್ದಕ್ಕೆ ಮಡಿಸಿದ ಪಂಚೆ, ದಿಂಬಿನ ಬದಲು ಸುತ್ತಿದ ಎರಡು ಜಮಖಾನ, ಕೈಯಿಲ್ಲದ ಒಂದು ಕುರ್ಚಿ, ಒಂದು ಗೋಡೆ. ವಜ್ರಾಸನದಲ್ಲಿ ಮಂಡಿ ನೋಯುವವರಿಗೆ ಮಂಡಿಯ ಹಿಂದಿನ ಮಡಿಕೆಯಲ್ಲಿ ಸುರುಳಿ ಸುತ್ತಿದ ಟವೆಲ್ ಇಡಿ. ದಿನವಿಡೀ ಕೈಯೆತ್ತಿ ಕಾಫಿ ಕೊಯ್ಯುವವರಿಗೆ, ಜೀಪು ಓಡಿಸುವವರಿಗೆ, ಕಂಪ್ಯೂಟರ್ ಮುಂದೆ ಕೂರುವವರಿಗೆ ಕುತ್ತಿಗೆ ಬಿಗಿಯುವುದು ಒಂದೇ ಜಾಗದಲ್ಲಿ. ಕುರ್ಚಿಯ ಬೆನ್ನಿಗೆ ಎರಡೂ ಅಂಗೈ ಇಟ್ಟು, ಹಿಂದೆ ಹೆಜ್ಜೆ ಹಾಕಿ, ಬೆನ್ನು ಮೇಜಿನಂತೆ ಚಪ್ಪಟೆಯಾಗುವವರೆಗೆ ಬಾಗಿ ಎಂಟು ಉಸಿರು ನಿಂತರೆ ಮೂವರಿಗೂ ಆರಾಮ.

ಇನ್ನು ಜಾಗ. ಒಬ್ಬರಿಗೆ 7 ಅಡಿ ಉದ್ದ, 4 ಅಡಿ ಅಗಲ ಬೇಕು. ಹನ್ನೆರಡು ಜನರಿಗೆ, ಹೇಳಿಕೊಡುವವರು ಓಡಾಡುವ ಜಾಗವೂ ಸೇರಿ, 18 ಅಡಿಗೆ 25 ಅಡಿಯ ಹಾಲ್ ಸಾಲುತ್ತದೆ. ಎಲ್ಲರೂ ಮರೆಯುವುದು ಗೋಡೆಯನ್ನು. ಕಾಲನ್ನು ಗೋಡೆಗೆ ಚಾಚಿ ಮಲಗಿಸಬೇಕಾದರೆ ಒಬ್ಬರಿಗೆ ಎರಡೂವರೆ ಅಡಿ, ಅಂದರೆ ಹನ್ನೆರಡು ಜನಕ್ಕೆ ಸೋಫಾ, ಕಪಾಟು, ಕಿಟಕಿ ಅಡ್ಡ ಬರದ 30 ಅಡಿ ಗೋಡೆ. ಹೋಂಸ್ಟೇ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿದೆಯೇ ಎಂದು ವಿಚಾರಿಸುವಾಗಲೇ ಟೇಪು ಹಿಡಿದು ಗೋಡೆಯ ಅಳತೆ ಕೇಳಿ. ಹಳೆಯ ಮನೆಯ ರೆಡ್ ಆಕ್ಸೈಡ್ ನೆಲ ನೋಡಲು ಚೆಂದ, ಜನವರಿಯ ಬೆಳಗ್ಗೆ ಮಂಜುಗಡ್ಡೆ. ಶವಾಸನಕ್ಕೆ ಮ್ಯಾಟಿನ ಮೇಲೆ ಕಂಬಳಿ ಹಾಸಿ, ಕಾಲುಚೀಲ ಹಾಕಿಸಿ. ಅಲುಗಾಡದೆ ಮಲಗಿದ ಮೈ ಬೇಗ ತಣ್ಣಗಾಗುತ್ತದೆ. ನಿಂತು ಮಾಡುವ ಆಸನಕ್ಕೆ ಮಾತ್ರ ಮ್ಯಾಟಿನ ಕೆಳಗೆ ಚಾಪೆಯಾಗಲಿ ಕಂಬಳಿಯಾಗಲಿ ಬೇಡ, ಜಾರುತ್ತದೆ.

ಜುಲೈ, ಆಗಸ್ಟ್ ಬಿಟ್ಟುಬಿಡಿ. ಮಳೆಯ ಚೆಲುವಿಗೆ ಮನಸೋಲುವವರು ಹಲವರು, ಆದರೆ 2018ರ ಆಗಸ್ಟಿನ ಭೂಕುಸಿತ ಕಂಡ ಜಿಲ್ಲೆ ಇದು. ಜೋರು ಮಳೆಗೆ ರಸ್ತೆ ಮುಚ್ಚಬಹುದು, ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಅಕ್ಟೋಬರಿನಲ್ಲಿ ಮಡಿಕೇರಿ ದಸರಾ, ಕಾವೇರಿ ಸಂಕ್ರಮಣದ ಜನಸಂದಣಿ ಲೆಕ್ಕಕ್ಕಿರಲಿ. ಕಾಫಿ ಹೂ ಬಿಡುವ ಫೆಬ್ರವರಿ, ಮಾರ್ಚ್ ಬಹಳ ಒಳ್ಳೆಯ ಕಾಲ. ಒಂದು ಎಚ್ಚರ: ಹೂವಿಗಾಗಿ ರೊಬಸ್ಟಾ ತಳಿಯ ಕಾಫಿಗೆ ಸ್ಪ್ರಿಂಕ್ಲರ್ ಹಾಯಿಸುವುದೂ ಆಗಲೇ, ಡೀಸೆಲ್ ಪಂಪು ಗಂಟೆಗಟ್ಟಲೆ ಓಡುತ್ತದೆ. ಪಂಪು ಕೂರಿಸುವ ಕೆರೆ ಹಾಲ್‌ನಿಂದ ಎಷ್ಟು ದೂರ, ಆ ವಾರ ನೀರು ಹಾಯಿಸುತ್ತಾರಾ ಎಂದು ಮೊದಲೇ ಕೇಳಿ.

ವೇಳೆಯೂ ಊರಿಗೆ ತಕ್ಕಂತಿರಲಿ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಏಳಕ್ಕೆ ಹತ್ತಿರ. ಐದು ಗಂಟೆಗೆ ಎಬ್ಬಿಸಿ ಚಳಿಯಲ್ಲಿ ಬಾಗಿಸಿದರೆ ಬೆನ್ನು ಹಿಡಿಯುತ್ತದೆ. ಏಳಕ್ಕೆ ಶುರು ಮಾಡಿ. ಮೌನ ನಡಿಗೆ ಇಡುವುದಾದರೆ ಬೆಳಕು ಹರಿದ ಮೇಲೆ, ತೋಟದವರೊಬ್ಬರನ್ನು ಮುಂದಿಟ್ಟುಕೊಂಡು ಮಾತ್ರ. ಸಿದ್ದಾಪುರ, ಮಾಲ್ದಾರೆ ಸುತ್ತ ಕಾಡಾನೆ ತೋಟದೊಳಗೇ ಇರುತ್ತದೆ, ಮಂಜಿನಲ್ಲಿ ಹತ್ತು ಮಾರು ದೂರದ ಆನೆಯೂ ಕಾಣುವುದಿಲ್ಲ. ಈ ವಿಷಯದಲ್ಲಿ ಮನೆಯವರು ಬೇಡ ಎಂದರೆ ಬೇಡ.

ಬೆಂಗಳೂರಿನಿಂದ ಮಡಿಕೇರಿಗೆ ಸುಮಾರು 260 ಕಿಲೋಮೀಟರ್, ಮೈಸೂರಿನಿಂದ 120. ಕೊಡಗಿಗೆ ರೈಲಿಲ್ಲ, ತಿರುವು ದಾಟಿಯೇ ಬರಬೇಕು. ಬಂದ ಕೂಡಲೇ ಮುಂದಕ್ಕೆ ಬಾಗಿಸಿದರೆ ಹೊಟ್ಟೆ ತೊಳಸುತ್ತದೆ. ಶುಕ್ರವಾರ ರಾತ್ರಿ ಗೋಡೆಗೆ ಕಾಲು ಚಾಚಿ 10 ನಿಮಿಷ ಮಲಗಿಸಿ, ಅಷ್ಟೇ ಸಾಕು.

ಊಟದ ಮಾತನ್ನು ಗುರುವಾರವೇ ಮನೆಯವರ ಹತ್ತಿರ ಆಡಿ ಮುಗಿಸಿ. ಕೊಡಗಿನ ಮನೆಗಳಲ್ಲಿ ಕೈತುಂಬ ಬಡಿಸುವುದು ಪ್ರೀತಿ, ಅಲ್ಲಿ ಹೋಗಿ ಬೇಡ ಎನ್ನಲಾಗುವುದಿಲ್ಲ. ಬೆಳಗ್ಗೆ ಅಭ್ಯಾಸದ ನಂತರ ನೂಪುಟ್ಟು (ಅಕ್ಕಿ ಶಾವಿಗೆ), ಕಡಲೆ ಸಾರು; ಮಧ್ಯಾಹ್ನಕ್ಕೆ ಕಡಂಬುಟ್ಟು (ಅಕ್ಕಿ ತರಿಯ ಕಡುಬು); ರಾತ್ರಿ ಏಳೂಕಾಲಿಗೆ ಗಂಜಿ ಅಥವಾ ಅಕ್ಕಿರೊಟ್ಟಿ, ತರಕಾರಿ. ಹೊಟ್ಟೆ ತುಂಬ ಉಂಡರೆ ಆಸನಕ್ಕೆ 3 ಗಂಟೆ ಅಂತರ ಬೇಕು, ಆದ್ದರಿಂದ ಒಂದಕ್ಕೆ ಊಟವಾದರೆ ಸಂಜೆಯದು ನಾಲ್ಕೂವರೆಗೆ.

ಕಾಫಿ ನಿಲ್ಲಿಸಬೇಡಿ. ದಿನಾ ಮೂರು ಲೋಟ ಕುಡಿಯುವವರಿಗೆ ಒಮ್ಮೆಲೇ ತಪ್ಪಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರು, ಭಾನುವಾರ ಪೂರ್ತಿ ಅದರಲ್ಲೇ ಹೋಗುತ್ತದೆ. ಬೆಳಗಿನ ಅಭ್ಯಾಸವಾದ ಮೇಲೆ ಒಂದು ಲೋಟ, ಹನ್ನೊಂದರ ಸುಮಾರಿಗೆ ಇನ್ನೊಂದು ಬೆಲ್ಲದ ಕಾಫಿ, ಎರಡು ಗಂಟೆಯ ನಂತರ ಇಲ್ಲ. ರಕ್ತದಲ್ಲಿ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಸಂಜೆಯ ಕಾಫಿ ಬಿಟ್ಟರೆ ರಾತ್ರಿ ಒಂಬತ್ತೂವರೆಗೆ ನಿದ್ದೆ ಹತ್ತುತ್ತದೆ, ಅದನ್ನು ಅವರು ಮನೆಗೂ ಒಯ್ಯಬಹುದು.

ಹೆಸರು ಬರೆಸುವಾಗಲೇ ರಕ್ತದೊತ್ತಡ, ಗರ್ಭ, ಹರ್ನಿಯಾ, ಸ್ಲಿಪ್ ಡಿಸ್ಕ್, ಗ್ಲಾಕೋಮಾ, ಇತ್ತೀಚಿನ ಶಸ್ತ್ರಚಿಕಿತ್ಸೆ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ರಭಸವಾಗಿ ಉಸಿರು ಹೊರತಳ್ಳಿ ಹೊಟ್ಟೆಯ ಒತ್ತಡ ಏರಿಸುವ ಕಪಾಲಭಾತಿ ಇವರಲ್ಲಿ ಯಾರಿಗೂ ಬೇಡ. ಗ್ಲಾಕೋಮಾ ಇರುವವರಿಗೆ ತಲೆ ಕೆಳಗಾಗುವ ಯಾವ ಆಸನವೂ ಬೇಡ, ಕಣ್ಣಿನ ಒತ್ತಡ ಏರುತ್ತದೆ. ಅಧೋಮುಖ ಶ್ವಾನಾಸನದ ಬದಲು ಅವರಿಗೆ ಮೇಲೆ ಹೇಳಿದ ಕುರ್ಚಿಯದೇ ಆಗುತ್ತದೆ. ಒಬ್ಬರು ಹೇಳಿಕೊಡುವುದಾದರೆ ಹನ್ನೆರಡು ಜನರಿಗಿಂತ ಹೆಚ್ಚು ಬೇಡ.

ಭಾನುವಾರ ಊಟ ಮುಗಿಸಿ ಎರಡಕ್ಕೆ ಹೊರಟರೆ ಬೆಂಗಳೂರಿನವರು ಒಂಬತ್ತರೊಳಗೆ ಮನೆ ಸೇರುತ್ತಾರೆ. ಹೊರಡುವಾಗ ಪ್ರತಿಯೊಬ್ಬರ ಕೈಗೂ 20 ನಿಮಿಷದ ಕ್ರಮ ಬರೆದ ಒಂದು ಚೀಟಿ ಕೊಡಿ. ಮಂಜಿನ ಗಾಳಿಗೆ ತೇವ ಹೀರಿದ ಮ್ಯಾಟು ಸುತ್ತಿದಂತೆಯೇ ಬ್ಯಾಗಿನಲ್ಲಿ ಉಳಿದರೆ ವಾರದೊಳಗೆ ಬೂಸಲು ಬರುತ್ತದೆ. ಮನೆ ತಲುಪಿದ ಕೂಡಲೇ ಎರಡೂ ಬದಿ ಒಣಬಟ್ಟೆಯಿಂದ ಒರೆಸಿ, ಸೋಫಾಕ್ಕೂ ಟೀವಿಗೂ ನಡುವೆ ಹಾಸಿಟ್ಟು ಮಲಗಲು ಹೇಳಿ.