ಸರ್ವ್ ಯಾಕೆ ನೆಟ್‌ಗೇ ಹೋಗುತ್ತದೆ?

ಪುಣೆಯ ಬಾನೇರ್, ವಾಕಡ್ ಕಡೆ ಎಷ್ಟೋ ಸೊಸೈಟಿಗಳಲ್ಲಿ ಈಗ ಟೆನಿಸ್ ಕೋರ್ಟ್ ಇದೆ. ಅಲ್ಲಿರುವ ನಮ್ಮ ಕನ್ನಡದವರು, ಅದರಲ್ಲೂ ಮೂವತ್ತು ದಾಟಿದ ಮೇಲೆ ರಾಕೆಟ್ ಹಿಡಿದವರು, ಸರ್ವ್ ಬಗ್ಗೆ, ಅಂದರೆ ಪ್ರತಿ ಪಾಯಿಂಟ್ ಶುರು ಮಾಡುವ ಹೊಡೆತದ ಬಗ್ಗೆ, ನನ್ನನ್ನು ಕೇಳುವ ಪ್ರಶ್ನೆ ಒಂದೇ. ವಿಜಯಪುರದ ಕಡೆಯವರು "ಸರ, ಎಷ್ಟ್ ಜೋರ್ ಹೊಡದ್ರೂ ಬಾಲ್ ನೆಟ್ ದಾಟವಲ್ದಲ್ರಿ" ಎನ್ನುತ್ತಾರೆ. ಮೈಸೂರಿನ ಕಡೆಯವರು "ಸರ್ವ್ ಎಲ್ಲಾ ನೆಟ್‌ಗೇ ಹೋಗ್ತಿದೆ, ಏನ್ ಮಾಡ್ಲಿ?" ಎನ್ನುತ್ತಾರೆ.

ನನ್ನ ಉತ್ತರ: ಕೆಳಕ್ಕೆ ಹೊಡೆಯುವುದನ್ನು ಬಿಡಿ. ಮೇಲಕ್ಕೆ ಹೊಡೆಯಿರಿ.

ಮೊದಲ ಸಲ ಇದನ್ನು ಯಾರೂ ನಂಬುವುದಿಲ್ಲ. ಟಿವಿಯಲ್ಲಿ ನೋಡಿದರೆ ಬಾಲ್ ಮೇಲಿಂದ ಕೆಳಗೆ ಸುಯ್ಯೆಂದು ಇಳಿಯುತ್ತದೆ, ಅಲ್ವಾ? ಹಾಗಾಗಿ ಒಂದು ಲೆಕ್ಕ ಹೇಳುತ್ತೇನೆ. ನಾವು ನಿಂತು ಸರ್ವ್ ಮಾಡುವ ಹಿಂದಿನ ಗೆರೆ, ಅಂದರೆ ಬೇಸ್‌ಲೈನ್‌ನಿಂದ ನೆಟ್‌ಗೆ 39 ಅಡಿ. ನೆಟ್‌ನಿಂದಾಚೆ ಸರ್ವಿಸ್ ಲೈನ್‌ಗೆ 21 ಅಡಿ; ಇವೆರಡರ ನಡುವಿನ ಬಾಕ್ಸಿನಲ್ಲೇ ಸರ್ವ್ ಬೀಳಬೇಕು. ನೆಟ್ ನಡುವೆ 3 ಅಡಿ ಎತ್ತರ, ಕಂಬದ ಹತ್ತಿರ ಮೂರೂವರೆ. ಈಗ ರಾಕೆಟ್ ಬಾಲನ್ನು ಮುಟ್ಟುವ ಜಾಗದಿಂದ ಸರ್ವಿಸ್ ಲೈನ್‌ವರೆಗೆ ಬಿಗಿಯಾಗಿ ಒಂದು ದಾರ ಕಟ್ಟಿದ್ದೀರಿ ಅಂದುಕೊಳ್ಳಿ. ಅದು ನೆಟ್ಟಿಗೆ ತಾಗದೆ ಹೋಗಬೇಕಾದರೆ ಎಂಟೂವರೆ ಅಡಿಗಿಂತ ಎತ್ತರದಿಂದ ಶುರುವಾಗಬೇಕು. ಐದೂವರೆ ಅಡಿಯವರು ಕೈ, ರಾಕೆಟ್ ಎರಡನ್ನೂ ಚಾಚಿದರೂ ಸಿಗುವುದು ಎಂಟು ಅಡಿಯ ಆಸುಪಾಸು. ಬಾಕ್ಸ್ ನೋಡಿಕೊಂಡು ನೇರವಾಗಿ ಬಡಿದರೆ ನೆಟ್ ಅಡ್ಡ ಬಂದೇ ಬರುತ್ತದೆ. ಜೋರು ಹೆಚ್ಚಿಸಿದಷ್ಟೂ ಹಾಗೇ. ಬಾಲ್ ಕೊಂಚ ಮೇಲೆದ್ದು ಹೊರಡಬೇಕು. ಕೆಳಗಿಳಿಸುವ ಕೆಲಸವನ್ನು ಭೂಮಿ ನೋಡಿಕೊಳ್ಳುತ್ತದೆ.

2019ರಲ್ಲಿ ಇಲ್ಲೇ ಬಾಲೇವಾಡಿಯಲ್ಲಿ ಮಹಾರಾಷ್ಟ್ರ ಓಪನ್ ಫೈನಲ್ ಆಡಿದ್ದು ಕೆವಿನ್ ಆಂಡರ್ಸನ್ ಮತ್ತು ಇವೋ ಕಾರ್ಲೊವಿಚ್. ಒಬ್ಬರು 6 ಅಡಿ 8 ಇಂಚು, ಇನ್ನೊಬ್ಬರು 6 ಅಡಿ 11 ಇಂಚು. ಮೂರು ಸೆಟ್, ಮೂರೂ 6-6 ಸಮವಾಗಿ ಟೈಬ್ರೇಕ್‌ಗೆ ಹೋದವು, ಗೆದ್ದದ್ದು ಆಂಡರ್ಸನ್. ಅವರ ದಾರ ನೆಟ್ ಮೇಲೆ ಆರಾಮಾಗಿ ಹೋಗುತ್ತದೆ. ಅವರನ್ನು ನೋಡಿ ನಾವು ಬಡಿಯಲು ಹೊರಟರೆ ಹೇಗೆ? (ಆ ವರ್ಷ ಡಬಲ್ಸ್ ಗೆದ್ದದ್ದು ನಮ್ಮ ಕೊಡಗಿನ ರೋಹನ್ ಬೋಪಣ್ಣ, ದಿವಿಜ್ ಶರಣ್ ಜೊತೆ. ಬೋಪಣ್ಣನವರ ಸರ್ವ್ ಬಗ್ಗೆ ಇನ್ನೊಮ್ಮೆ ಮಾತಾಡೋಣ, ಶುರು ಮಾಡಿದರೆ ನಿಲ್ಲುವುದಿಲ್ಲ.)

ಲೆಕ್ಕ ಒಪ್ಪದವರಿಗೆ ರಾಕೆಟ್ ಕೆಳಗಿಡಿ ಎನ್ನುತ್ತೇನೆ. ಬೇಸ್‌ಲೈನ್‌ನಲ್ಲಿ ನಿಂತು, ಕ್ರಿಕೆಟ್‌ನಲ್ಲಿ ಬೌಂಡರಿಯಿಂದ ಕೀಪರ್‌ಗೆ ಎಸೆಯುತ್ತೀರಲ್ಲ, ಹಾಗೆ ಬಾಲನ್ನು ಎದುರಿನ ಬಾಕ್ಸಿಗೆ ಎಸೆಯಿರಿ. ಯಾರೂ ಹೇಳಿಕೊಡದೆಯೇ ಕೈ ಮೇಲಕ್ಕೆ ಎಸೆಯುತ್ತದೆ. ಅದೇ ಕೈಗೆ ರಾಕೆಟ್ ಕೊಟ್ಟ ಕೂಡಲೇ ಬುದ್ಧಿ ಬದಲಾಗುತ್ತದೆ. ಬ್ಯಾಡ್ಮಿಂಟನ್ ಆಡಿ ಬಂದವರಿಗೆ ಇದು ಇನ್ನೂ ಕಷ್ಟ. ಅವರ ಭುಜ ಚೆನ್ನಾಗಿ ತಿರುಗುತ್ತದೆ, ಆದರೆ ತಲೆ ಮೇಲೆ ಏನು ಬಂದರೂ ಸ್ಮ್ಯಾಶ್!

ಸರ್ವ್‌ಗೆ ಬೇಕಾದ ರಾಕೆಟ್ ಹಿಡಿತಕ್ಕೆ ಕಾಂಟಿನೆಂಟಲ್ ಗ್ರಿಪ್ ಎನ್ನುತ್ತಾರೆ. ಮಚ್ಚು ಹಿಡಿದ ಹಾಗೆ, ಅಂಚು ಮುಂದಕ್ಕಿರಬೇಕು. ಬಾಲ್ ಮುಟ್ಟುವ ಹೊತ್ತಿಗೆ ಮುಂಗೈ ತಿರುಗಿ ರಾಕೆಟ್‌ನ ಮುಖ ಎದುರಿಗೆ ಬರುತ್ತದೆ. ಮೊದಮೊದಲು ಬಲಗೈಯವರ ಬಾಲ್ ಎಡಕ್ಕೇ ಓಡುತ್ತದೆ, ಓಡಲಿ.

ಹೆಚ್ಚು ಹೊತ್ತು ಕೊಡಬೇಕಾದದ್ದು ಟಾಸ್‌ಗೆ, ಅಂದರೆ ಹೊಡೆಯುವ ಮೊದಲು ಇನ್ನೊಂದು ಕೈಯಿಂದ ಬಾಲನ್ನು ಮೇಲೆ ಎಸೆಯುವುದಕ್ಕೆ. ಎಲ್ಲರೂ ಹೊಡೆಯುವ ಕೈ ಬಗ್ಗೆ ಕೇಳುತ್ತಾರೆ, ಎಸೆಯುವ ಕೈ ಬಗ್ಗೆ ಒಬ್ಬರೂ ಕೇಳುವುದಿಲ್ಲ. ಬಾಲನ್ನು ಅಂಗೈಯಲ್ಲಿ ಅದುಮದೆ ಬೆರಳುಗಳಲ್ಲಿ ಹಿಡಿಯಿರಿ. ಮೊಣಕೈ ಮಡಿಸದೆ ಕೈಯನ್ನು ನಿಧಾನವಾಗಿ ಎತ್ತಿ, ಮುಖದ ಮಟ್ಟಕ್ಕೆ ಬಂದಾಗ ಬಿಡಿ. ಬಾಲ್ ನೀವು ಚಾಚಿದ ರಾಕೆಟ್‌ಗಿಂತ ತುಸು ಮೇಲೆ ಹೋದರೆ ಸಾಕು. ಹೊಡೆಯದೆ ಬಿಟ್ಟರೆ ಅದು ಬೇಸ್‌ಲೈನ್‌ನ ಒಳಗೆ ಸುಮಾರು ಒಂದು ಅಡಿ ದೂರದಲ್ಲಿ ಬೀಳಬೇಕು. ತಲೆಯ ಹಿಂದೆ ಹೋದರೆ ಸರ್ವ್ ಉದ್ದ ಹೋಗುತ್ತದೆ. ಕೆಳಗಿಳಿಯುವವರೆಗೆ ಕಾದರೆ ನಿಮ್ಮ ಎಂಟು ಅಡಿ ಏಳಾಗುತ್ತದೆ, ಮತ್ತೆ ನೆಟ್. ಎಲ್ಲಿ ಬೀಳುತ್ತೆ ನೋಡೋಣ ಅಂತ ಮೊದಲೇ ತಲೆ ಬಗ್ಗಿಸಿದರೂ ಅಷ್ಟೇ.

ಟಾಸ್ ಕೆಟ್ಟರೆ ಸುಮ್ನೆ ಹಿಡಿದುಕೊಳ್ಳಿ, ಅಥವಾ ಬೀಳಲು ಬಿಡಿ. ಅದು ಫಾಲ್ಟ್ (ತಪ್ಪಿದ ಸರ್ವ್) ಅಲ್ಲ. ರಾಕೆಟ್ ಬೀಸಿಯೂ ಬಾಲ್ ತಾಗದಿದ್ದರೆ ಮಾತ್ರ ಫಾಲ್ಟ್. ಎದುರಿಗಿದ್ದವರು ಕಾಯುತ್ತಾರಲ್ಲ ಎಂಬ ಸಂಕೋಚಕ್ಕೆ ಕೆಟ್ಟ ಟಾಸನ್ನೂ ಬಡಿಯುವವರೇ ಜಾಸ್ತಿ.

ಬೇಸ್‌ಲೈನ್‌ನಿಂದಲೇ ಶುರು ಮಾಡಬೇಕೆಂದಿಲ್ಲ. ಸರ್ವಿಸ್ ಲೈನ್ ಹತ್ತಿರ ನಿಂತು ನಾಲ್ಕಾರು ಬಾಲ್ ಬಾಕ್ಸಿಗೆ ಬಿದ್ದ ಮೇಲೆ ಎರಡು ಹೆಜ್ಜೆ ಹಿಂದೆ ಸರಿಯಿರಿ. ಭುಜ ನೋಯುತ್ತಿದ್ದರೆ ಅವತ್ತಿಗೆ ಮುಗಿಸಿ.

"ಸರ್ವನ್ನು ಕೈ ಎತ್ತದೆ ಕೆಳಗಿಂದ ಹಾಕಬಹುದಾ?" ಎಂದೂ ಕೇಳುತ್ತಾರೆ. ನಿಯಮದಲ್ಲಿ ಅಡ್ಡಿಯಿಲ್ಲ. 1989ರ ಫ್ರೆಂಚ್ ಓಪನ್‌ನಲ್ಲಿ ಮೈಕೆಲ್ ಚಾಂಗ್ ಇವಾನ್ ಲೆಂಡ್ಲ್‌ಗೆ ಹಾಗೆ ಹಾಕಿ ಪಾಯಿಂಟ್ ತೆಗೆದಿದ್ದರು. ಮ್ಯಾಚಿನಲ್ಲಿ ಕೈಕೊಟ್ಟಾಗ ನೀವೂ ಹಾಕಿ, ಯಾರಾದರೂ ನಕ್ಕರೆ ಚಾಂಗ್ ಹೆಸರು ಹೇಳಿ. ಪ್ರಾಕ್ಟೀಸಿನಲ್ಲಿ ಮಾತ್ರ ಬೇಡ.

ಇನ್ನು ಜೂನ್ ಬಂತೆಂದರೆ ಪುಣೆಯಲ್ಲಿ ಕೋರ್ಟ್ ಒಣಗಿರುವ ದಿನ ಕಡಿಮೆ. ಆಗ ಮಳೆ ಬಿಟ್ಟ ಹೊತ್ತಲ್ಲಿ ಸೊಸೈಟಿ ಅಂಗಳದಲ್ಲೇ ಟಾಸ್ ಅಭ್ಯಾಸ ಮಾಡಿ. ಮುಂದಿನ ಕಾಲಿನ ಎದುರು ಒಂದು ಚಪ್ಪಲಿ ಇಟ್ಟು, ಬಾಲ್ ಅದರ ಮೇಲೆ ಬೀಳುತ್ತದಾ ನೋಡಿ. ವಾಚ್‌ಮನ್ ವಿಚಿತ್ರವಾಗಿ ನೋಡುತ್ತಾನೆ, ನೋಡಲಿ ಬಿಡಿ.