ಸನ್ನತಿಗೆ ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು?

ಚೀನಾದ ಲೋಯಾಂಗ್ ಊರಿನ ಹೈಸ್ಪೀಡ್ ರೈಲು ನಿಲ್ದಾಣದ ಹೆಸರು ಲೋಯಾಂಗ್ ಲೊಂಗ್‌ಮೆನ್. ಊರಾಚೆ ನದಿ ದಂಡೆಯ ಬೆಟ್ಟದಲ್ಲಿ ಬೌದ್ಧ ಗುಹೆಗಳಿವೆ. ಆ ಗುಹೆಗಳ ಹೆಸರನ್ನೇ ಸ್ಟೇಷನ್ನಿಗೂ ಇಟ್ಟಿದ್ದಾರೆ. ಇಳಿದವರು ದಾರಿ ಕೇಳುವ ಕೆಲಸವೇ ಇಲ್ಲ. ಹೊರಗೆ ಬಂದರೆ ಸಿಟಿ ಬಸ್ಸು, ಹತ್ತಿದರೆ ಗುಹೆಗಳು. ಈ ದೇಶದ ರೈಲುಗಳ ವೇಗ ನನಗೀಗ ರೂಢಿಯಾಗಿದೆ. ಈ ಹೆಸರು ಮಾತ್ರ ಯಾಕೋ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ನಾವಿರುವುದು ಶಾಂಘೈ ಪಕ್ಕದ ಸುಜೋದಲ್ಲಿ. ಮಗಳಿಗೆ ರಜೆ ಸಿಕ್ಕಿತು, ನನಗೂ ಹೇಗೋ ಸಿಕ್ಕಿತು, ಹೊರಟೆವು. ಸುಜೋದಿಂದ ಲೋಯಾಂಗ್ ಸಾವಿರ ಕಿಲೋಮೀಟರಿನ ಆಸುಪಾಸು. ಬೆಳಿಗ್ಗೆ ತಿಂಡಿ ತಿಂದು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರುತ್ತೀರಿ. ಬೋಗಿಯ ಬಾಗಿಲ ಮೇಲಿನ ಪಟ್ಟಿಯಲ್ಲಿ ವೇಗ ಓಡುತ್ತಿರುತ್ತದೆ, 300ರ ಮೇಲೆ. ಊರಿನಿಂದ ಫೋನ್ ಮಾಡಿದವರು ಜಾಸ್ತಿ ಕೇಳುವುದು ಇದನ್ನೇ. ನಿಜ ಹೇಳಬೇಕೆಂದರೆ ಆ ವೇಗದಲ್ಲಿ ನೋಡಲು ಏನೂ ಸಿಗುವುದಿಲ್ಲ. ಹೊಲ, ಎತ್ತರದ ಅಪಾರ್ಟ್‌ಮೆಂಟು, ಮತ್ತೆ ಹೊಲ. ಜನ ಫೋನಿನೊಳಗೆ ಮುಳುಗಿರುತ್ತಾರೆ. ಅಮ್ಮ ಕಳಿಸಿದ್ದ ಕಡಕ್ ರೊಟ್ಟಿಯನ್ನು ಹೆಂಡತಿ ಮುರಿದಾಗ ಆ ಸದ್ದಿಗೆ ಮುಂದಿನ ಸಾಲಿನವರೆಲ್ಲ ಒಮ್ಮೆ ತಿರುಗಿ ನೋಡಿದರು. ಅಷ್ಟೇ ನಮ್ಮ ಪ್ರಯಾಣದ ಗದ್ದಲ.

ಲೊಂಗ್‌ಮೆನ್‌ನಲ್ಲಿ ಯಿ ನದಿ ನಡುವೆ ಹರಿಯುತ್ತದೆ. ಎರಡೂ ದಂಡೆಯ ಸುಣ್ಣದ ಕಲ್ಲಿನ ಬೆಟ್ಟಗಳನ್ನು ಜೇನುಗೂಡಿನ ಹಾಗೆ ಕೊರೆದಿದ್ದಾರೆ. 493ರಲ್ಲಿ ಉತ್ತರ ವೇಯಿ ಅರಸರು ರಾಜಧಾನಿಯನ್ನು ಈಗಿನ ದಾತೊಂಗ್‌ನಿಂದ ಲೋಯಾಂಗ್‌ಗೆ ತಂದರು. ಗುಹೆಗಳ ಕೆಲಸ ಶುರುವಾದದ್ದು ಹೆಚ್ಚುಕಮ್ಮಿ ಆಗಲೇ. ಮುಂದೆ ತಾಂಗ್ ಅರಸರ ಕಾಲದವರೆಗೂ ಜನ ಕೆತ್ತಿಸುತ್ತಲೇ ಹೋದರು. ಅರಸರಷ್ಟೇ ಅಲ್ಲ, ಸಾಮಾನ್ಯ ಜನರೂ ತೀರಿಹೋದ ಅಪ್ಪ-ಅಮ್ಮನ ಹೆಸರಿನಲ್ಲಿ ಒಂದೊಂದು ಸಣ್ಣ ಗೂಡು ಮಾಡಿಸಿದ್ದಾರೆ. ಒಂದು ಗುಹೆಯಲ್ಲಂತೂ ಗೋಡೆ ತುಂಬ 15,000 ಪುಟ್ಟ ಬುದ್ಧರು. ಮಗಳು ಎಣಿಸಲು ಶುರುಮಾಡಿ ಮೂರನೇ ಸಾಲಿಗೆ ಕೈಬಿಟ್ಟಳು.

ದೊಡ್ಡದು ವೈರೋಚನ ಬುದ್ಧ, 17 ಮೀಟರ್ ಎತ್ತರ. 675ರಲ್ಲಿ ಮುಗಿದದ್ದು. ರಾಣಿ ವೂ ಜೆತಿಯಾನ್ ತನ್ನ ಅಲಂಕಾರದ ಖರ್ಚಿಗೆಂದು ಬಂದ ಹಣದಲ್ಲಿ ದಾರಕ್ಕೆ ಪೋಣಿಸಿದ ನಾಣ್ಯಗಳ 20,000 ಸರ ಇದಕ್ಕೆ ಕೊಟ್ಟಳು ಎಂದು ಅಲ್ಲಿನ ಶಾಸನವೇ ಹೇಳುತ್ತದೆ. ಬುದ್ಧನ ಮುಖ ಅವಳದ್ದೇ ಎನ್ನುವ ಮಾತೂ ಇದೆ. ಹೆಂಡತಿ ನನ್ನ ಕಡೆ ನೋಡಿ, "ಅಷ್ಟು ದುಡ್ಡು ಉಳಿಸಬೇಕು ಅಂದ್ರೆ ಮೊದಲು ಅಷ್ಟು ಕೊಡೋ ಗಂಡ ಬೇಕು ಅಲ್ವಾ" ಎಂದಳು. ನಾನು ಸುಮ್ಮನೆ ಫೋಟೋ ತೆಗೆದೆ.

ಅಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದೇನಿಲ್ಲ. ಕಾಲಿಡಲು ಜಾಗವಿಲ್ಲದಷ್ಟು ಜನ. ಹಳೇ ಕಾಲದ ರೇಷ್ಮೆ ಉಡುಪು ಬಾಡಿಗೆಗೆ ಪಡೆದ ಹುಡುಗಿಯರು, ಅವರ ಹಿಂದೆ ದೀಪ ಹಿಡಿದ ಫೋಟೋಗ್ರಾಫರ್‌ಗಳು. ಕೈಮುಗಿದವರು ತೀರಾ ಕಡಿಮೆ. ಎಷ್ಟೋ ಮೂರ್ತಿಗಳಿಗೆ ತಲೆಯೇ ಇಲ್ಲ. ರಾಜ-ರಾಣಿಯರ ಮೆರವಣಿಗೆಯ ಎರಡು ದೊಡ್ಡ ಉಬ್ಬುಶಿಲ್ಪಗಳನ್ನು 1930ರ ದಶಕದಲ್ಲಿ ತುಂಡು ತುಂಡಾಗಿ ಕಿತ್ತು ಮಾರಿದರು. ಈಗ ರಾಜ ನ್ಯೂಯಾರ್ಕಿನ ಮ್ಯೂಸಿಯಮ್ಮಿನಲ್ಲಿ, ರಾಣಿ ಕಾನ್ಸಾಸ್ ಸಿಟಿಯ ಮ್ಯೂಸಿಯಮ್ಮಿನಲ್ಲಿ. ಗಂಡ-ಹೆಂಡತಿಯನ್ನು ಬೇರೆ ಬೇರೆ ಊರಲ್ಲಿ ಇಟ್ಟಿದ್ದಾರಲ್ಲ ಎಂದು ಮಗಳಿಗೆ ಬೇಸರ.

ಮರುದಿನ ಬಿಳಿ ಕುದುರೆಯ ದೇವಸ್ಥಾನಕ್ಕೆ ಹೋದೆವು. ಹಾನ್ ದೊರೆಯೊಬ್ಬನ ಕನಸಿನಲ್ಲಿ ಚಿನ್ನದ ಬಣ್ಣದ ಪುರುಷ ಕಾಣಿಸಿಕೊಂಡನಂತೆ. ಅವನ ದೂತರು ಪಶ್ಚಿಮಕ್ಕೆ ಹೋಗಿ ಕಾಶ್ಯಪ ಮಾತಂಗ, ಧರ್ಮರತ್ನ ಎಂಬ ಇಬ್ಬರು ಭಿಕ್ಷುಗಳನ್ನು ಕರೆತಂದರಂತೆ. ಗ್ರಂಥಗಳು ಬಿಳಿ ಕುದುರೆಯ ಮೇಲೆ ಬಂದವು. ಕ್ರಿ.ಶ. 68ರಲ್ಲಿ ಕಟ್ಟಿದ್ದು ಎನ್ನುತ್ತಾರೆ, ಈಗ ಕಾಣುವ ಕಟ್ಟಡಗಳು ಬಹಳ ಈಚಿನವು. ಆ ಇಬ್ಬರ ಸಮಾಧಿ ಅಂಗಳದಲ್ಲೇ ಇದೆ. ಊರು ಬಿಟ್ಟು ಇಲ್ಲಿಗೆ ಬಂದು ಇಲ್ಲೇ ಮಣ್ಣಾದವರು. ಅಲ್ಲಿ ಸ್ವಲ್ಪ ಹೊತ್ತು ನಿಂತೆ. ಯಾಕೆ ಎಂದು ಹೊರನಾಡಿನಲ್ಲಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಪಕ್ಕದಲ್ಲಿ ಸಾಂಚಿ ಸ್ತೂಪದ ಮಾದರಿಯಲ್ಲಿ ಭಾರತದವರು ಕಟ್ಟಿಸಿದ ಮಂದಿರವಿದೆ, 2010ರಲ್ಲಿ ರಾಷ್ಟ್ರಪತಿ ಪ್ರತಿಭಾ ಪಾಟೀಲರು ಉದ್ಘಾಟಿಸಿದ್ದು. ಅಲ್ಲಿ ಮಾತ್ರ ನಮ್ಮನ್ನು ನೋಡಿ ಜನ ನಕ್ಕು, ಜೊತೆಗೆ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡರು. ಮನೆಯವರ ಹಾಗೆ.

ಅಲ್ಲಿಂದ ಶಿಯಾನ್‌ಗೆ ಒಂದೂವರೆ ಗಂಟೆ. ಶಿಯಾನ್ ಎಂದರೆ ನಮ್ಮ ಶಾಲೆಯ ಪಾಠದ ಹ್ಯೂಯೆನ್ ತ್ಸಾಂಗ್. ಭಾರತದಿಂದ ತಂದ 657 ಗ್ರಂಥಗಳನ್ನು ಜೋಪಾನವಾಗಿಡಲು 652ರಲ್ಲಿ ಕಟ್ಟಿಸಿದ ಗೋಪುರ, ಮುಂದೆ ಮತ್ತೆ ಕಟ್ಟಿದ್ದು, ಇಂದಿಗೂ ನಿಂತಿದೆ, ಏಳು ಅಂತಸ್ತು, ಸ್ವಲ್ಪ ವಾಲಿಕೊಂಡು. ಮುಂದೆ ಆತನ ದೊಡ್ಡ ಪ್ರತಿಮೆ. "ಈ ಅಜ್ಜ ನಡಕೊಂಡು ಹೋಗಿದ್ದಾ?" ಎಂದು ಮಗಳು ಕೇಳಿದಳು. ನಡೆದು, ಕುದುರೆ ಮೇಲೆ, ಮರುಭೂಮಿ ದಾಟಿ. ಹೋಗಿ ಬರುವಷ್ಟರಲ್ಲಿ ಹದಿನಾರು ವರ್ಷ ಕಳೆದಿತ್ತು ಎಂದೆ. "ಹಂಗಾದ್ರೆ ನಮ್ಮೂರು ಅವನಿಗೆ ಎಷ್ಟು ಇಷ್ಟ ಇದ್ದಿರಬೇಕು" ಎಂದಳು. ಅವಳ 'ನಮ್ಮೂರು' ಎಂದರೆ ಕಲಬುರಗಿ ಜಿಲ್ಲೆಯ ಶಹಾಬಾದ್. ನಾನು ತಿದ್ದಲಿಲ್ಲ.

ತಿದ್ದುವಷ್ಟು ತಪ್ಪೂ ಅಲ್ಲ ಅದು. ಆತ ನಾಳಂದದಲ್ಲಷ್ಟೇ ಕೂರಲಿಲ್ಲ, ದಕ್ಷಿಣಕ್ಕೂ ಬಂದ. ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯ ನೋಡಿದ. ಹರ್ಷನಿಗೆ ಇವರನ್ನು ಸೋಲಿಸಲಾಗಲಿಲ್ಲ ಎಂದು ಬರೆದ. ಐಹೊಳೆ ಶಾಸನದಲ್ಲಿ ರವಿಕೀರ್ತಿ ಹೇಳಿದ ಮಾತಿಗೆ ಹೊರಗಿನವನ ಸಾಕ್ಷಿ ಸಿಕ್ಕಿದ್ದು ಹಾಗೆ. ಇಲ್ಲಿಯ ಜನ ಎತ್ತರದವರು, ಅಭಿಮಾನಿಗಳು, ಉಪಕಾರ ಮರೆಯುವುದಿಲ್ಲ, ಅವಮಾನವನ್ನೂ ಮರೆಯುವುದಿಲ್ಲ, ಸೇಡು ತೀರಿಸಿಕೊಳ್ಳುವ ಮೊದಲು ಎದುರಾಳಿಗೆ ತಿಳಿಸುತ್ತಾರೆ ಎಂದೂ ಬರೆದಿದ್ದಾನೆ.

ಸುಜೋಗೆ ವಾಪಸು ಬಂದ ಮೇಲೆ ಪಕ್ಕದ ಮನೆಯ ಅಜ್ಜಿಗೆ ಲೋಯಾಂಗಿನ ಪಿಯೋನಿ ಹೂವಿನ ಬಿಸ್ಕತ್ತು ಕೊಡಲು ಹೋದೆವು. ಅವರು ರಿಟೈರ್ ಆದ ಟೀಚರ್. ಗೆಳತಿಯರ ಗುಂಪು ಕಟ್ಟಿಕೊಂಡು ರೈಲಿನಲ್ಲಿ ದೇಶವೆಲ್ಲ ಸುತ್ತುತ್ತಾರೆ. ಪುಲಕೇಶಿಯ ಕತೆ ಹೇಳಿದೆ. "ಈಗಲೂ ಹಾಗೇನಾ?" ಎಂದು ಕೇಳಿದರು. ಹೆಂಡತಿ, "ಇವರು ಮುಂಚೆ ತಿಳಿಸೋದೇ ಇಲ್ಲ" ಎಂದಳು.

ಆಮೇಲೆ ಅವರು ಕೇಳಿದ್ದು, ನಿಮ್ಮ ಊರ ಕಡೆ ಬುದ್ಧನದ್ದು ಏನಿದೆ ಎಂದು. ನಾನು ಫೋನಿನಲ್ಲಿ ನಮ್ಮ ಜಿಲ್ಲೆಯದೇ ಹಳ್ಳಿ ಸನ್ನತಿಯ ಫೋಟೋ ತೋರಿಸಿದೆ. ಪಕ್ಕದ ಕನಗನಹಳ್ಳಿಯ ಸ್ತೂಪ, ಅದರಲ್ಲಿ ಸಿಕ್ಕ ಕಲ್ಲು. ರಾಜ, ರಾಣಿ, ಸೇವಕಿಯರು, ಮೇಲೆ ಬ್ರಾಹ್ಮಿ ಲಿಪಿಯಲ್ಲಿ 'ರಾಯ ಅಸೋಕೊ'. ಅಶೋಕ ಸತ್ತು ತುಂಬಾ ಕಾಲದ ಮೇಲೆ ಕೆತ್ತಿದ್ದು, ಹಾಗಾಗಿ ಅವನು ಹೀಗೇ ಇದ್ದ ಎನ್ನಲಾಗದು. ಆದರೂ ಹೆಸರು ಸಮೇತ ಸಿಕ್ಕಿದ್ದಾನೆ. ಅಜ್ಜಿ ಕನ್ನಡಕ ಹಾಕಿಕೊಂಡು ಫೋಟೋ ದೊಡ್ಡದು ಮಾಡಿ ನೋಡಿದರು. ಇಲ್ಲಿ ಅಶೋಕ ಎಲ್ಲರಿಗೂ ಗೊತ್ತು. ನಿಂಗ್‌ಬೋದಲ್ಲಿ ಅವನ ಹೆಸರಿನ ದೇವಸ್ಥಾನವೇ ಇದೆ, ಅಜ್ಜಿ ಅಲ್ಲಿಗೂ ಹೋಗಿ ಬಂದವರು. "ಆ ರಾಜ ನಿಮ್ಮ ಮನೆ ಹತ್ತಿರ ಇದ್ದಾನಾ!" ಎಂದರು. ತಕ್ಷಣ ಪೆನ್ನು ತೆಗೆದುಕೊಂಡು, "ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು?" ಎಂದರು.

ನನಗೆ ಬಾಯಿಗೆ ಬರಲಿಲ್ಲ. ಸ್ಟೇಷನ್ ಇಲ್ಲ ಎಂದಲ್ಲ. ವಾಡಿ ದಾಟಿದ ಮೇಲೆ ನಾಲವಾರ ಇದೆ, ಅಲ್ಲಿಂದ ಇಪ್ಪತ್ತು ಕಿಲೋಮೀಟರಿನಷ್ಟು. ದೊಡ್ಡ ಎಕ್ಸ್‌ಪ್ರೆಸ್‌ಗಳು ಬಹುಪಾಲು ನಿಲ್ಲುವುದಿಲ್ಲ. ಕಲಬುರಗಿಗೂ 2024ರಿಂದ ವಂದೇ ಭಾರತ್ ಬಂದಿದೆ, ಸಂತೋಷ. ಆದರೆ ಯಾವ ಸ್ಟೇಷನ್ನಿನ ಬೋರ್ಡಿನಲ್ಲೂ ಸನ್ನತಿ ಇಲ್ಲ. 'ಅಶೋಕನನ್ನು ನೋಡಲು ಇಲ್ಲಿ ಇಳಿಯಿರಿ' ಎಂದು ಯಾರೂ ಹೇಳುವುದಿಲ್ಲ.

ನಾವು ಮಾತ್ರ ಚಿಕ್ಕಂದಿನಿಂದ ಸನ್ನತಿಗೆ ಹೋಗುತ್ತಿದ್ದೆವು, ಬುದ್ಧನಿಗಾಗಿ ಅಲ್ಲ. ಭೀಮಾ ದಂಡೆಯ ಚಂದ್ರಲಾಂಬೆ ನಮ್ಮ ಮನೆದೇವರು. ಟೆಂಪೋ ತುಂಬ ಮಂದಿ, ಬುತ್ತಿ ಗಂಟು, ಹೊಳೆಯಲ್ಲಿ ಸ್ನಾನ, ಉಡಿ ತುಂಬುವುದು, ಊಟ, ಮರದ ನೆರಳಿನಲ್ಲಿ ನಿದ್ದೆ. 1980ರ ದಶಕದಲ್ಲಿ ಅದೇ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿದು ವಿಗ್ರಹ ಒಡೆಯಿತು. ಆಗ ಗೊತ್ತಾಯಿತು, ಕಾಳಿಯನ್ನು ನಿಲ್ಲಿಸಿದ್ದ ಪೀಠದ ಕಲ್ಲಿನ ಮೇಲೆ ಅಶೋಕನ ಶಾಸನವಿತ್ತು. ಕಳಿಂಗದ ಧೌಲಿ, ಜೌಗಡದಲ್ಲಿ ಬಿಟ್ಟರೆ ಬೇರೆಲ್ಲೂ ಸಿಗದ ಆಜ್ಞೆಗಳೂ ಅದರಲ್ಲಿವೆ. ಅಜ್ಜ-ಮುತ್ತಜ್ಜಂದಿರು ಅಡ್ಡಬಿದ್ದ ದೇವಿಯ ಕಾಲಡಿ ಅಶೋಕ ಸುಮ್ಮನೆ ಕೂತಿದ್ದ.

ನಾನು ಹೈಸ್ಕೂಲಿನಲ್ಲಿದ್ದಾಗ ಕನಗನಹಳ್ಳಿಯಲ್ಲಿ ಅಗೆತ ನಡೆಯುತ್ತಿತ್ತು. ಅಪ್ಪ ಒಮ್ಮೆ ಕರೆದುಕೊಂಡು ಹೋಗಿದ್ದರು. ಕೆತ್ತಿದ ಚಪ್ಪಡಿಗಳು ಬಯಲಲ್ಲಿ ಸಾಲಾಗಿ ಮಲಗಿದ್ದವು. ನಮ್ಮ ಮನೆಯ ನೆಲಕ್ಕೆ ಹಾಕಿದ ಫರಸಿ ಜಾತಿಯದೇ ಸುಣ್ಣದ ಕಲ್ಲು. ಅಪ್ಪ ಅಂಗೈಯಿಂದ ಸವರಿ, "ಇಂಥಾ ಕಲ್ಲ ಮ್ಯಾಲ ನಾವು ಚಪ್ಲಿ ಬಿಡ್ತೀವಲ್ಲೋ" ಎಂದಿದ್ದರು. ಆಮೇಲೆ ಎಷ್ಟೋ ವರ್ಷ ಹೋದಾಗಲೆಲ್ಲ ಆ ಕಲ್ಲುಗಳು ಬಿಸಿಲು-ಮಳೆಯಲ್ಲೇ ಇದ್ದವು. ಈಗ ಜೋಡಿಸುವ ಕೆಲಸ ನಡೆದಿದೆ, ಒಳ್ಳೆಯದು. ಲೊಂಗ್‌ಮೆನ್‌ನ ಹಾಗೆ ಟಿಕೆಟ್ ಕೌಂಟರು, ಬಾಡಿಗೆ ಉಡುಪು ಎಲ್ಲ ಬರಲಿ ಎಂದು ನಾನು ಬೇಡಿಕೊಳ್ಳುವುದಿಲ್ಲ. ಚಂದ್ರಲಾಂಬೆಯ ಜಾತ್ರೆಯ ಆ ಗಲಾಟೆ, ಆ ಭಕ್ತಿ ಅಲ್ಲಿನ ಗುಹೆಗಳಲ್ಲಿ ನನಗೆ ಕಾಣಿಸಲಿಲ್ಲ. ಆದರೂ ಹದಿನಾರು ವರ್ಷ ಕೊಟ್ಟು ಬುದ್ಧನ ನೆಲ ನೋಡಲು ಬಂದವನ ದೇಶದವರೊಬ್ಬರು ಇವತ್ತು ಪೆನ್ನು ಹಿಡಿದು ಕೇಳಿದರೆ, ಒಂದು ಬಸ್ಸಿನ ಟೈಮಾದರೂ ಹೇಳುವಂತಿರಬೇಕಲ್ಲ?

ಭಾನುವಾರ ಶಹಾಬಾದಿನ ಕಾಕಾಗೆ ಫೋನ್ ಮಾಡಿ ವಿಚಾರಿಸಿದೆ.

"ಬಸ್ಸು ಅದ. ಯಾವಾಗ ಬರ್ತದ ಅಂತ ಕೇಳಬ್ಯಾಡ," ಎಂದರು. "ಯಾಕೋ, ಯಾರ್ ಬರ್ಲಕತ್ಯಾರ?"

ಪಕ್ಕದ ಮನೆ ಅಜ್ಜಿ, ಜೊತೆಗೆ ಅವರ ಗೆಳತಿಯರು, ಬಂದರೂ ಬರಬಹುದು ಎಂದೆ. ಕಾಕಾ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ವಾಡಿಗೆ ಇಳೀಲಿ. ನಾನೇ ಗಾಡಿ ಮಾಡ್ಕೊಂಡು ಬರ್ತೀನಿ. ರೊಟ್ಟಿ ತಿಂತಾರೇನು ಕೇಳು, ಇಲ್ಲಾಂದ್ರ ಅನ್ನ ಮಾಡಿಸ್ತೀನಿ. ಬ್ಯಾಸಗ್ಯಾಗ ಮಾತ್ರ ಬರಬ್ಯಾಡ್ರಿ ಅಂತ ಹೇಳು."