ಜೀಪಿನ ಮೀಟರ್ ಲೈಟ್ ಮಂಕಾಗಿದ್ದು ಬಲ್ಬಿಂದಲ್ಲ

ನಮ್ಮ ಕೊಡಗಿನ ಮಳೆಗಾಲದ ಹಬ್ಬ ಕಕ್ಕಡ ಹದಿನೆಂಟಕ್ಕೆ ವಿರಾಜಪೇಟೆ ಅಕ್ಕನ ಮನೆಗೆ ಹೋಗಿ ಮದ್ದುಸೊಪ್ಪಿನ ಪಾಯಸ ತಿಂದು ರಾತ್ರಿ ಮೂರ್ನಾಡು ದಾರೀಲಿ ಮಡಿಕೇರಿಗೆ ವಾಪಸ್ ಬರ್ತಿದ್ದೆ, ಮಳೆ ಅಂದ್ರೆ ಮಳೆ, ಮೇಲಿಂದ ಮಂಜು ಬೇರೆ, ಅಪ್ಪನ ಕಾಲದ ಜೀಪಲ್ಲಿ ಟೆಂಪರೇಚರ್ ಮುಳ್ಳು ಎಲ್ಲಿದೆ ಅಂತ ನೋಡೋಕೆ ಗಾಡಿ ಪಕ್ಕಕ್ಕೆ ಹಾಕಿ ಮೊಬೈಲ್ ಟಾರ್ಚ್ ಬಿಡ್ಬೇಕಾಯ್ತು. ಮೀಟರ್ ಲೈಟ್ ಉರೀತಿತ್ತು, ಆದ್ರೆ ಮಸಿ ಹಿಡಿದ ಬುಡ್ಡಿ ದೀಪದ ಥರ.

ಭಾವ ಫೋನಲ್ಲೇ ತೀರ್ಪು ಕೊಟ್ರು, "ದೊಡ್ಡ ವ್ಯಾಟಿನ ಬಲ್ಬ್ ಹಾಕು ಮಾರಾಯ." ಅದೊಂದು ಮಾತ್ರ ಮಾಡ್ಬೇಡಿ, ಬಿಸಿಗೆ ಹೋಲ್ಡರ್, ವೈರು ಎರಡೂ ಹಾಳಾಗುತ್ತೆ. ಅಷ್ಟೇ ವ್ಯಾಟಿಂದು ಹೊಸದು ಹಾಕಿ ನೋಡಿದೆ, ಏನೂ ಬದಲಾಗ್ಲಿಲ್ಲ. ಅಂದಹಾಗೆ ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪ್ ಇಟ್ಕೊಂಡಿರೋರು ಮೊದಲು ಬಲ್ಬನ್ನೇ ನೋಡಿ, ಅದು 6 ವೋಲ್ಟ್ ಗಾಡಿ, ಯಾರೋ 12 ವೋಲ್ಟಿಂದು ತುರುಕಿದ್ರೆ ಮಿಣುಕು ಹುಳದಷ್ಟೇ ಬೆಳಕು.

ಮರುದಿನ ಶೆಡ್ಡಲ್ಲಿ ವೋಲ್ಟ್ ಅಳೆಯೋ ಮಲ್ಟಿಮೀಟರ್ ಹಿಡಿದು ಕೂತೆ. ಲೈಟ್ ಆನ್ ಇಟ್ಟು ಕಪ್ಪು ಕಡ್ಡಿ ಬ್ಯಾಟರಿ ಮೈನಸ್‌ಗೆ, ಕೆಂಪು ಕಡ್ಡಿ ಜೀಪಿನ ಮೀಟರಿನ ಹಿಂದಿನ ತಗಡಿಗೆ. ಸೊನ್ನೆ ಹತ್ರ ತೋರಿಸ್ಬೇಕು, ತೋರಿಸಿದ್ದು 3 ವೋಲ್ಟ್! ಅಂದ್ರೆ ಬಲ್ಬಿಗೆ ಕರೆಂಟ್ ಬರ್ತಿದೆ, ವಾಪಸ್ ಹೋಗೋ ದಾರಿ ಸರಿಯಿಲ್ಲ, ಅರ್ತಿಂಗ್ ಕೈಕೊಟ್ಟಿದೆ. ಈ ಥರ ತಂತಿ ಉರಿಯೋ ಬಲ್ಬಿಗೆ 10 ಪರ್ಸೆಂಟ್ ವೋಲ್ಟೇಜ್ ಕಮ್ಮಿಯಾದ್ರೇ ಬೆಳಕು ಸುಮಾರು 30 ಪರ್ಸೆಂಟ್ ಇಳಿದುಹೋಗುತ್ತೆ, ನಂದ್ರಲ್ಲಿ 3 ವೋಲ್ಟೇ ದಾರೀಲಿ ಸೋರಿಹೋಗ್ತಿತ್ತು.

ಕಾರಣ ನಾನೇ. ಹೋದ ವರ್ಷ ಆಯುಧಪೂಜೆಗೆ ಮುಂಚೆ ಡ್ಯಾಶ್‌ಬೋರ್ಡಿಗೆ ಪೇಂಟ್ ಹೊಡೆಸಿದ್ದೆ. ಮೀಟರ್ ಹಿಡ್ಕೊಳ್ಳೋ ಕ್ಲಾಂಪ್ ತಗಡಿಗೆ ತಾಗಿಯೇ ಅರ್ತ್ ಆಗೋದು, ಮಧ್ಯದಲ್ಲಿ ಪೇಂಟ್ ಕೂತಿದೆ, ಉಳಿದಿದ್ದ ಚೂರುಪಾರು ಜಾಗಾನ ಈ ಮಳೆಗಾಲದ ತುಕ್ಕು ತಿಂದಿದೆ.

ಬ್ಯಾಟರಿ ಮೈನಸ್ ಬಿಚ್ಚಿಟ್ಟು ಕ್ಲಾಂಪ್ ಕೂರೋ ಜಾಗಾನ ಉಪ್ಪುಕಾಗದದಲ್ಲಿ ತಗಡು ಹೊಳೆಯೋವರೆಗೂ ಉಜ್ಜಿದೆ, ಮೀಟರ್ ಬಾಡಿಯಿಂದ ಚಾಸಿ ಬೋಲ್ಟಿಗೆ ಬೇರೆಯೇ ಒಂದು ವೈರ್ ಎಳೆದೆ, ಟೈಟ್ ಮಾಡಿ ಮೇಲೆ ವ್ಯಾಸಲೀನ್ ಸವರಿದೆ, ನಮ್ಮೂರ ತೇವಕ್ಕೆ ಅದಿಲ್ದಿದ್ರೆ ಮುಂದಿನ ವರ್ಷ ಮತ್ತೆ ಇದೇ ಕತೆ.

ಆಮೇಲೆ ಹೊಳೀತು, ಸುಳಿವು ತಿಂಗಳಿಂದ ಕಣ್ಣೆದುರೇ ಇತ್ತು. ಲೈಟ್ ಹಾಕಿದಾಗೆಲ್ಲ ಡೀಸೆಲ್ ಮುಳ್ಳು ಸ್ವಲ್ಪ ಜರುಗ್ತಿತ್ತು, ಟ್ಯಾಂಕಲ್ಲಿ ಡೀಸೆಲ್ ಮಟ್ಟ ಹೇಳೋ ಫ್ಲೋಟ್ ಕೆಟ್ಟಿದೆ ಅಂತ ನಾನು ಸುಮ್ಮನಿದ್ದೆ, ಅದಕ್ಕೂ ಲೈಟಿಗೂ ಅರ್ತ್ ಒಂದೇ. ಈಗ ಅದೂ ಅಲ್ಲಾಡ್ತಿಲ್ಲ.